ಕೆಂಪು ಸಿಗ್ನಲ್ ಮುಂದೆ ನಿಂತ ರೈಲಿಗೆ ಉತ್ತರಿಸುವವರು ಯಾರು? ಸಿಮ್‌ರೈಲ್, ಸಿಮ್‌ಸಿಗ್ ಮತ್ತು ಟ್ಯಾಬ್ ಕೀಲಿ

ರೈಲ್ವೆ ಸಿಮ್ಯುಲೇಟರ್‌ಗಳ, ಅಂದರೆ ರೈಲ್ವೆ ಕೆಲಸವನ್ನು ಅನುಕರಿಸುವ ಕಂಪ್ಯೂಟರ್ ಆಟಗಳ, ಚಿತ್ರದ ಅಂದ, ಎಂಜಿನ್ ಸದ್ದು, ಮಾರ್ಗಗಳ ಉದ್ದ ಇವುಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ನಾನು ಇಲ್ಲಿ ಹೋಲಿಸುತ್ತಿರುವುದು ಒಂದೇ ವಿಷಯವನ್ನು: ರೈಲು ಓಡಿಸುವವನಿಗೂ ಅದಕ್ಕೆ ದಾರಿ ಬಿಡುವ ಡಿಸ್ಪ್ಯಾಚರ್‌ಗೂ ನಡುವೆ ಮಾತುಕತೆ ಎಷ್ಟು ನಿಜವಾಗಿ ನಡೆಯುತ್ತದೆ ಎಂಬುದು. ಈ ಒಂದು ಅಳತೆಯಲ್ಲಿ ನನ್ನ ಆಯ್ಕೆ ಪೋಲೆಂಡಿನ ಸಿಮ್‌ರೈಲ್. ಅದರಲ್ಲಿ ನನ್ನನ್ನು ಬಹಳ ಕಾಡಿದ ತೊಡಕೊಂದಿದ್ದರೂ ಆ ಅಭಿಪ್ರಾಯ ಬದಲಾಗಿಲ್ಲ.

ಈ ಹುಡುಕಾಟ ಆರಂಭವಾದದ್ದು ಬೇರೊಂದು ಆಟಕ್ಕೆ ಹಣ ಕೊಟ್ಟ ಮೇಲೆ. ಕ್ಯಾಬಿನ ಒಳಗಿನ ಸ್ವಿಚ್ಚುಗಳನ್ನು ಅಷ್ಟು ಶ್ರದ್ಧೆಯಿಂದ ರೂಪಿಸಿದ್ದ ಆ ಆಟದಲ್ಲಿ, ಕೆಂಪು ಸಿಗ್ನಲ್ ಮುಂದೆ ನಿಂತಾಗ ಮಾಡಬಹುದಾದದ್ದು ಟ್ಯಾಬ್ ಕೀಲಿಯನ್ನು ಒತ್ತುವುದು ಮಾತ್ರ. ಅನುಮತಿ ಸಿಗುತ್ತದೆ, ಇಲ್ಲವೇ ನಿರಾಕರಣೆಯ ಒಂದು ಸಾಲು ತೆರೆಯ ಮೇಲೆ ಬರುತ್ತದೆ. ಏಕೆ ನಿಲ್ಲಿಸಿದ್ದಾರೆ, ಎಷ್ಟು ಹೊತ್ತು ಕಾಯಬೇಕು, ಮುಂದೆ ಯಾವ ರೈಲು ಇದೆ ಎಂಬುದನ್ನು ಹೇಳುವವರೇ ಇಲ್ಲ. ಉಚಿತವಾಗಿ ಸಿಗುವ ಓಪನ್ ರೈಲ್ಸ್ ಎಂಬ ಸಿಮ್ಯುಲೇಟರ್‌ನಲ್ಲಿಯೂ ಅನುಮತಿ ಕೇಳುವ ಕ್ರಮ ಇದೇ ಕೀಲಿಯದು. ಉಚಿತವಾದ್ದರಿಂದ ಅದರ ಮೇಲೆ ನನಗೆ ದೂರಿಲ್ಲ. ಆದರೆ ಭಾರತೀಯ ರೈಲ್ವೆಯಲ್ಲಿ ಕೆಟ್ಟುಹೋದ ಸಿಗ್ನಲ್ ದಾಟಲು ಸ್ಟೇಷನ್ ಮಾಸ್ಟರ್ ಕಡೆಯಿಂದ ಟಿ/369(3ಬಿ) ಎಂಬ ಲಿಖಿತ ಅನುಮತಿ ಲೋಕೋ ಪೈಲಟ್ ಕೈಗೆ ಬರಬೇಕು ಎಂದು ತಿಳಿದವರಿಗೆ, ಒಂದು ಕೀಲಿಯಲ್ಲಿ ಮುಗಿದುಹೋಗುವ ಈ ವ್ಯವಹಾರ ಒಪ್ಪಿಗೆಯಾಗುವುದು ಕಷ್ಟ.

ಸಿಮ್‌ಸಿಗ್ ಇದಕ್ಕೆ ವಿರುದ್ಧ ದಿಕ್ಕಿನದು. ಇದು ಬ್ರಿಟನ್ನಿನ ಸಿಗ್ನಲ್ ನಿಯಂತ್ರಣ ಕೇಂದ್ರದ ತೆರೆಯನ್ನು ನಮ್ಮ ಮುಂದಿಡುತ್ತದೆ: ಬೂದು ಗೆರೆ ಎಂದರೆ ಹಳಿ, ಬಿಳಿ ಗೆರೆ ಎಂದರೆ ಹೊಂದಿಸಿದ ಮಾರ್ಗ, ಕೆಂಪು ಗೆರೆ ಎಂದರೆ ರೈಲು ನಿಂತಿರುವ ಅಥವಾ ಓಡುತ್ತಿರುವ ಭಾಗ. ರೈಲನ್ನು ಕಣ್ಣಾರೆ ಕಾಣುವ ಅವಕಾಶವೇ ಇಲ್ಲ. ಕೆಂಪು ಸಿಗ್ನಲ್ ಬಳಿ ಹೆಚ್ಚು ಹೊತ್ತು ನಿಂತ ರೈಲಿನ ಚಾಲಕ ದೂರವಾಣಿ ಕರೆ ಮಾಡುತ್ತಾನೆ. ಗಂಟೆ ಬಾರಿಸುತ್ತದೆ, ಆತನ ಮಾತು ಬರಹವಾಗಿ ಬರುತ್ತದೆ, ತೆರೆಯಲ್ಲಿ ಕೊಟ್ಟಿರುವ ಉತ್ತರಗಳಲ್ಲಿ ಒಂದನ್ನು ನಾವು ಆರಿಸಬೇಕು. ಅಲ್ಲೇ ಕಾಯಲು ಹೇಳಬಹುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆ ಮಾಡಲು ಹೇಳಬಹುದು, ಸಿಗ್ನಲ್ ಕೆಟ್ಟಿದ್ದರೆ ಅದನ್ನು ಕೆಂಪಿನಲ್ಲೇ ದಾಟಿ ಬರಲು ಅನುಮತಿ ಕೊಡಬಹುದು. ಕೆಲವು ಪ್ರದೇಶಗಳಲ್ಲಿ ಲೆವೆಲ್ ಕ್ರಾಸಿಂಗ್ ದಾಟಬೇಕಾದವರ ಕರೆಗಳೂ ಬರುತ್ತವೆ. ಕೈತುಂಬ ರೈಲುಗಳಿರುವಾಗ ಇಂತಹ ಒಂದು ಕರೆಗೆ ಉತ್ತರಿಸುವ ಮುನ್ನ ಸಮಯವನ್ನು ಲೆಕ್ಕ ಹಾಕಿ ನೋಡಬೇಕಾಗುವ ಒತ್ತಡ ನಿಜವಾದದ್ದು, ಮತ್ತು ಅದನ್ನು ಬರೀ ಬರಹದಿಂದ ಸಾಧಿಸಿರುವುದಕ್ಕೆ ನನಗೆ ಈ ಆಟದ ಮೇಲೆ ಬಹಳ ಗೌರವವಿದೆ. ಒಂದೇ ಕೊರತೆ: ಈ ಚಾಲಕ ಯಾವತ್ತೂ ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಾನೆ.

ರೈಲ್ವೆಯಲ್ಲಿ ಆದೇಶವನ್ನು ಕೇಳಿಸಿಕೊಂಡವರು ಅದನ್ನು ಹಾಗೆಯೇ ತಿರುಗಿ ಹೇಳಬೇಕೆಂಬ ನಿಯಮ ಇರುವುದೇ ಮನುಷ್ಯರು ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ ಎಂಬ ಕಾರಣಕ್ಕೆ. 2023ರ ಜನವರಿಯಲ್ಲಿ ಆರಂಭಿಕ ಆವೃತ್ತಿಯಾಗಿ ಹೊರಬಂದ ಸಿಮ್‌ರೈಲ್ ಗೆಲ್ಲುವುದು ಇಲ್ಲಿಯೇ. ಒಂದೇ ಸರ್ವರ್‌ನಲ್ಲಿ ಕೆಲವರು ರೈಲು ಓಡಿಸುತ್ತಿರುತ್ತಾರೆ, ಇನ್ನು ಕೆಲವರು ಸೊಸ್ನೊವಿಯೆತ್ಸ್, ಝಾವಿಯೆರ್ಚೆಯಂತಹ ನಿಲ್ದಾಣಗಳ ನಿಯಂತ್ರಣ ಕೊಠಡಿಯಲ್ಲಿ ಕುಳಿತಿರುತ್ತಾರೆ. ಆಟಗಾರರಿಲ್ಲದ ಕೊಠಡಿಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಮಾತು ನಡೆಯುವುದು ಆಟದೊಳಗಿನ ರೇಡಿಯೋದಲ್ಲಿ, ನಿಜವಾದ ಧ್ವನಿಯಲ್ಲಿ. ಸಿಗ್ನಲ್ ಕೈಕೊಟ್ಟರೆ ಡಿಸ್ಪ್ಯಾಚರ್ ಕೆಂಪಿನ ಜೊತೆಗೆ ಮಿನುಗುವ ಬಿಳಿ ದೀಪದ ಬದಲಿ ಸಿಗ್ನಲ್ ಕೊಡುತ್ತಾನೆ, ಚಾಲಕ ಗಂಟೆಗೆ 40 ಕಿ.ಮೀ. ಮೀರದಂತೆ ಒಳಗೆ ಬರುತ್ತಾನೆ. ಅದಕ್ಕೆ ಮೊದಲು ರೈಲಿನ ಸಂಖ್ಯೆ, ಸಿಗ್ನಲ್ ಹೆಸರು, ಕಾರಣ ಇಷ್ಟನ್ನು ಒಬ್ಬರು ಹೇಳಿ ಇನ್ನೊಬ್ಬರು ಪುನರುಚ್ಚರಿಸುವ ಆ ಅರ್ಧ ನಿಮಿಷವೇ ನನಗೆ ಈ ಆಟದ ಸಾರ.

ಇನ್ನು ತೊಡಕಿನ ವಿಚಾರ. ಪೋಲೆಂಡಿನ ಮಾರ್ಗಗಳಲ್ಲಿ ರೇಡಿಯೋ ಚಾನೆಲ್ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ. ಹಳಿಯ ಪಕ್ಕದಲ್ಲಿ ಡಬ್ಲ್ಯೂ 28 ಎಂಬ ಫಲಕ ಹೊಸ ಚಾನೆಲ್ಲಿನ ಸಂಖ್ಯೆಯನ್ನು ತೋರಿಸುತ್ತದೆ, ಅದನ್ನು ನೋಡಿ ಚಾಲಕನೇ ತನ್ನ ಸೆಟ್ಟನ್ನು ಬದಲಾಯಿಸಿಕೊಳ್ಳಬೇಕು. ಬಹಳಷ್ಟು ಆಟಗಾರರು ಬದಲಾಯಿಸುವುದಿಲ್ಲ. ಡಿಸ್ಪ್ಯಾಚರ್ ಸ್ಥಾನದಲ್ಲಿ ಕುಳಿತಾಗ ನನ್ನ ಪ್ರದೇಶಕ್ಕೆ ಬಂದ ರೈಲನ್ನು ಹೆಸರು ಹಿಡಿದು ಕರೆಯುತ್ತಿದ್ದರೂ ಉತ್ತರ ಬರುವುದಿಲ್ಲ. ಅದರ ಚಾಲಕ ಹಿಂದಿನ ಚಾನೆಲ್ಲಿನಲ್ಲೇ ಉಳಿದಿದ್ದಾನೆ, ಅಲ್ಲಿಂದಲೇ ನನ್ನನ್ನು ಕರೆಯುತ್ತಿರುತ್ತಾನೆ, ಆ ಮಾತು ಹಿಂದಿನ ಕೊಠಡಿಯವರಿಗೆ ಕೇಳುತ್ತದೆ. ಹಿಂದಿನ ಕೊಠಡಿಯಲ್ಲಿ ಮನುಷ್ಯರಿದ್ದರೆ ದೂರವಾಣಿಯಲ್ಲಿ ಅವರನ್ನು ಹಿಡಿದು, ಅವರ ಮೂಲಕ ಚಾಲಕನಿಗೆ ಚಾನೆಲ್ ಸಂಖ್ಯೆ ತಿಳಿಸಬಹುದು. ಅಲ್ಲಿ ಕಂಪ್ಯೂಟರ್ ಇದ್ದರೆ ಆ ದಾರಿಯೂ ಮುಚ್ಚಿತು. ಅಷ್ಟರಲ್ಲಿ ಆ ರೈಲಿನ ಹಿಂದೆ ಬರುತ್ತಿದ್ದ ಎಕ್ಸ್‌ಪ್ರೆಸ್ ಬಂದು ನಿಂತಿರುತ್ತದೆ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಇಂಗ್ಲಿಷ್ ಸರ್ವರ್‌ಗಳಿದ್ದರೂ ನಾನಾ ದೇಶಗಳವರ ಉಚ್ಚಾರಣೆಯಲ್ಲಿ ಐದಾರು ಅಂಕಿಗಳ ರೈಲು ಸಂಖ್ಯೆಯನ್ನು ಹಿಡಿಯುವುದು ಸುಲಭವಲ್ಲ. ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಇಷ್ಟೆಲ್ಲಾ ಆದರೂ ಇದನ್ನು ನಾನು ಆಟದ ದೋಷವೆಂದು ಎಣಿಸುವುದಿಲ್ಲ, ಏಕೆಂದರೆ ತಪ್ಪು ಚಾನೆಲ್ಲಿನಲ್ಲಿರುವ ಚಾಲಕ ನಿಜವಾದ ರೈಲ್ವೆಗೂ ಇರುವ ಸಮಸ್ಯೆಯೇ.

ರೇಡಿಯೋ ಸ್ಟಾಪ್ ಗುಂಡಿಯ ಬಗ್ಗೆ ಒಂದು ಮಾತು. ಅದನ್ನು ಒತ್ತಿದರೆ ಅದೇ ಚಾನೆಲ್ಲಿನಲ್ಲಿ, ಸುತ್ತಮುತ್ತ ಇರುವ ರೈಲುಗಳೆಲ್ಲ ತುರ್ತಾಗಿ ನಿಲ್ಲುತ್ತವೆ. ಪೋಲೆಂಡಿನ ನಿಜವಾದ ರೈಲ್ವೆಯಲ್ಲಿ, 2023ರ ಆಗಸ್ಟ್‌ನಲ್ಲಿ ಶ್ಚೆಚಿನ್ ನಗರದ ಬಳಿ ಯಾರೋ ಅನಧಿಕೃತವಾಗಿ ಈ ಸಂಕೇತವನ್ನು ಪ್ರಸಾರ ಮಾಡಿ ಸುಮಾರು 20 ರೈಲುಗಳನ್ನು ನಿಲ್ಲಿಸಿದ್ದರು. ಹಳೆಯ ಅನಲಾಗ್ ರೇಡಿಯೋದಲ್ಲಿ ಸಂಕೇತ ಕಳಿಸಿದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆ ಇಲ್ಲದ್ದರಿಂದ ಅದು ಸಾಧ್ಯವಾಯಿತು. ಆಟದಲ್ಲಿ ಆ ಗುಂಡಿಯನ್ನು ಕಾರಣವಿಲ್ಲದೆ ಮುಟ್ಟಬೇಡಿ.

ಖರ್ಚಿನ ಲೆಕ್ಕದಲ್ಲಿ ಸಿಮ್‌ಸಿಗ್ ಮುಂದಿದೆ. ಅದರ ಹಲವು ಪ್ರದೇಶಗಳು ಉಚಿತ, ಕೆಲವಕ್ಕೆ ಮಾತ್ರ ಹಣ ಕೊಡಬೇಕು, ಹಳೆಯ ಲ್ಯಾಪ್‌ಟಾಪ್ ಸಾಕು. ಸಿಮ್‌ರೈಲ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಮೈಕ್, ತಡೆಯಿಲ್ಲದ ಇಂಟರ್ನೆಟ್ ಬೇಕು. ಜೊತೆಗೆ ಪೋಲೆಂಡಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆಟಗಾರರು ಸೇರುವ ಹೊತ್ತಿಗೆ ಇಲ್ಲಿ ಮನೆಯವರು ಮಲಗಿರುತ್ತಾರೆ, ಗಟ್ಟಿಯಾಗಿ ರೇಡಿಯೋದಲ್ಲಿ ಮಾತಾಡುವಂತಿಲ್ಲ. ಆದ್ದರಿಂದ ವಾರದ ದಿನಗಳಲ್ಲಿ ನಾನು ಸಿಮ್‌ಸಿಗ್ ತೆರೆಯುತ್ತೇನೆ, ಶನಿವಾರ ಭಾನುವಾರಗಳ ಮಧ್ಯಾಹ್ನವನ್ನು ಸಿಮ್‌ರೈಲ್‌ಗೆ ಮೀಸಲಿಡುತ್ತೇನೆ. ಮೊದಲ ಬಾರಿ ಪ್ರಯತ್ನಿಸುವವರು ಸಿಮ್‌ಸಿಗ್‌ನ ಒಂದು ಉಚಿತ ಪ್ರದೇಶದಿಂದ ಆರಂಭಿಸಿ, ಚಾಲಕರ ಕರೆಗಳಿಗೆ ಗಾಬರಿಯಾಗದೆ ಉತ್ತರಿಸುವುದು ರೂಢಿಯಾದ ಮೇಲೆ ಸಿಮ್‌ರೈಲ್ ಕೊಳ್ಳಲಿ.