ಮರಳುಗಾಡಿನ ಕ್ಯಾಂಪಿಗೆ ತಾಮ್ರವೋ, ವೈರ್‌ಲೆಸ್ಸೋ, ಫೈಬರೋ?

ಕ್ಯಾಂಪಿನೊಳಗೆ ಇಂಟರ್ನೆಟ್ ಹಂಚಲು ತಾಮ್ರದ ಕೇಬಲ್‌ಗೆ ಹಾಕಿದ ದುಡ್ಡು, ದುಡಿಮೆ ಎರಡೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಈಗ ನಮ್ಮ ಕ್ಯಾಂಪಿನ ನೆಲದಡಿ ಫೈಬರ್ ಇದೆ. ಮುಂದಿನ ಕ್ಯಾಂಪಿಗೂ ಅದನ್ನೇ ಹಾಕಿಸುತ್ತೇನೆ.

ನಾವಿರುವುದು ಒಮಾನಿನ ಹೈಮಾ ಪಟ್ಟಣದಿಂದ ಕಚ್ಚಾ ರಸ್ತೆಯಲ್ಲಿ ಎರಡು ಗಂಟೆ ಒಳಗೆ. ಮಸ್ಕತ್ 500 ಕಿ.ಮೀ.ಗೂ ಹೆಚ್ಚು ದೂರ. ಸುಟ್ಟ ನೆಟ್‌ವರ್ಕ್ ಸ್ವಿಚ್‌ಗೆ (ಕೇಬಲ್‌ಗಳನ್ನು ಜೋಡಿಸಿ ಸಿಗ್ನಲ್ ಮುಂದಕ್ಕೆ ಕಳಿಸುವ ಸಾಧನ) ಬದಲಿ ಬೇಕೆಂದರೆ ವಾರಕ್ಕೊಮ್ಮೆ ಬರುವ ತರಕಾರಿ ಲಾರಿಯನ್ನೇ ಕಾಯಬೇಕು. ಇಂಟರ್ನೆಟ್ ತರುವ ಉಪಗ್ರಹದ ಡಿಶ್ ಕಚೇರಿಯ ಬಳಿ ಇದೆ. ಮೆಸ್ ಮತ್ತು ಕೆಲಸಗಾರರ ಪೋರ್ಟಾ ಕ್ಯಾಬಿನ್‌ಗಳು ಅಲ್ಲಿಂದ ಸುಮಾರು 400 ಮೀಟರ್ ಆಚೆ. ಈ 400 ಮೀಟರಿಗೆ ಮೂರನ್ನೂ ಬಳಸಿ ನೋಡಿದ್ದೇನೆ.

ತಾಮ್ರದ ಈಥರ್ನೆಟ್ (ನೆಟ್‌ವರ್ಕ್) ಕೇಬಲಿನಲ್ಲಿ ಸಿಗ್ನಲ್ 100 ಮೀಟರಿಗಿಂತ ಮುಂದೆ ಸರಿಯಾಗಿ ಹೋಗುವುದಿಲ್ಲ. ಹಾಗಾಗಿ ಕಂಬಗಳ ಮೇಲೆ ಕೇಬಲ್ ಎಳೆದು ನಡುವೆ ಮೂರು ಕಡೆ ಪೆಟ್ಟಿಗೆಯಲ್ಲಿ ಸ್ವಿಚ್ ಇಟ್ಟೆವು. ಬಿಸಿಲನ್ನು ಅವು ತಡೆದುಕೊಂಡವು. ಆದರೆ ಮರಳುಗಾಳಿ ಬೀಸಿದ ಮರುದಿನ ಸ್ವಿಚ್ಚಿನ ಯಾವುದಾದರೊಂದು ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಸತ್ತಿರುತ್ತಿತ್ತು. ಎರಡು ಬಾರಿ ಸ್ವಿಚ್ಚೇ ಕಳಪೆ ಎಂದುಕೊಂಡೆ. ಮೂರನೆಯ ಸಲ ಗಾಳಿ ಬೀಸುತ್ತಿರುವಾಗಲೇ ಕೇಬಲ್ ಬಿಚ್ಚಿ, ತುದಿಯನ್ನು ಕ್ಯಾಬಿನ್ನಿನ ತಗಡಿನ ಹತ್ತಿರ ಹಿಡಿದೆ. ಚಟ್ ಎಂದು ನೀಲಿ ಕಿಡಿ ಹಾರಿತು. ಒಣ ಮರಳಿನ ಕಣಗಳು ಒಂದಕ್ಕೊಂದು ತಿಕ್ಕಿ ವಿದ್ಯುದಾವೇಶ ಹೊತ್ತು ಬರುತ್ತವೆ, ಉದ್ದ ಕೇಬಲ್ ಅದನ್ನು ಕೂಡಿಸಿಕೊಳ್ಳುತ್ತದೆ.

ಅರ್ಥಿಂಗ್ ಸರಿಪಡಿಸಿದರಾಯಿತು ಎಂದು ಸರ್ಜ್ ಅರೆಸ್ಟರ್ (ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿದೆ. ಆದರೆ ಒಣ ಮರಳಿನಲ್ಲಿ ಅರ್ಥಿಂಗ್ ಹಿಡಿಯುವುದು ಬಹಳ ಕಷ್ಟ. ಅರ್ಥಿಂಗ್ ಸಲಾಕೆಯ ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ ದಿನ ಬಿಟ್ಟು ದಿನ ನೀರು ಹೊಯ್ದೆವು. ಟ್ಯಾಂಕರಿನಲ್ಲಿ ಬರುವ ನೀರನ್ನು ಗುಂಡಿಗೆ ಸುರಿಯುವುದು ಕಂಡು ಅಡುಗೆಯವರು ಬೇಸರಪಟ್ಟರು; ಅವರ ಮಾತಿನಲ್ಲಿ ನ್ಯಾಯವಿತ್ತು. ಸಾಲದ್ದಕ್ಕೆ ಕಚೇರಿಗೊಂದು, ಮೆಸ್ಸಿಗೊಂದು ಜನರೇಟರ್. ಎರಡರ ಅರ್ಥಿಂಗ್ ನಡುವಿನ ವ್ಯತ್ಯಾಸದಿಂದ ಹುಟ್ಟಿದ ವಿದ್ಯುತ್ತೂ ಕೇಬಲ್ ಕವಚದಲ್ಲೇ ಹರಿಯುತ್ತಿತ್ತು. ಎರಡು ತಿಂಗಳಲ್ಲಿ ಐದು ಸ್ವಿಚ್ ಕಳೆದುಕೊಂಡೆವು.

ಆಮೇಲೆ 5 ಗಿಗಾಹರ್ಟ್ಸ್‌ನ ಎರಡು ರೇಡಿಯೊ. ಅರ್ಧ ದಿನದ ಕೆಲಸ, ಖರ್ಚೂ ಎಲ್ಲಕ್ಕಿಂತ ಕಡಿಮೆ. ಧೂಳು ಸಿಗ್ನಲ್ಲನ್ನು ಅಷ್ಟೇನೂ ಕಾಡಲಿಲ್ಲ. ಆದರೆ ಕಂಬದ ಮೇಲಿನ ರೇಡಿಯೊಗೆ ವಿದ್ಯುತ್ ಹೋಗುವುದೂ ತಾಮ್ರದ ಕೇಬಲಿನಲ್ಲೇ. ಹಳೆಯ ಕಾಟ ಆ ದಾರಿಯಿಂದ ಒಳಬಂತು. ಮೂರು ತಿಂಗಳ ತಾತ್ಕಾಲಿಕ ಕ್ಯಾಂಪಾದರೆ ಇದೇ ಸಾಕು.

ಫೈಬರ್ ಎಂದರೆ ಬೆಳಕಿನ ಮೂಲಕ ಸಿಗ್ನಲ್ ಸಾಗಿಸುವ ಗಾಜಿನ ಎಳೆ. ಅದರೊಳಗೆ ವಿದ್ಯುತ್ ಹರಿಯುವುದಿಲ್ಲ, ಎರಡು ಜನರೇಟರ್‌ಗಳ ಜಗಳ ಅಲ್ಲಿಗೆ ಮುಗಿಯಿತು. ಮೊಣಕಾಲಿನಷ್ಟು ಆಳದ ಕಾಲುವೆ ತೋಡಿ ಸಿಂಗಲ್ ಮೋಡ್ (ಬೆಳಕಿಗೆ ಒಂದೇ ಕಿರಿದಾದ ದಾರಿಯಿರುವ) ಫೈಬರ್ ಕೇಬಲ್ ಹೂತೆವು. ಇದರ ಶತ್ರು ಧೂಳು: ಬೆಳಕು ಸಾಗುವ ಎಳೆ ಸುಮಾರು 9 ಮೈಕ್ರಾನ್, ಒಂದು ಮರಳಿನ ಕಣ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಫೈಬರ್ ತುದಿಗಳನ್ನು ಕರಗಿಸಿ ಬೆಸುಗೆ ಹಾಕಿದ್ದು ಜೀಪಿನ ಹಿಂದಿನ ಸೀಟಿನಲ್ಲಿ, ಕಿಟಕಿ ಗಾಜು ಏರಿಸಿ, ಎ.ಸಿ. ಆರಿಸಿ; ಬೆವರು ಯಂತ್ರದ ಮೇಲೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು. ಒಮ್ಮೆ ರಸ್ತೆ ಸಮತಟ್ಟು ಮಾಡುವ ಗ್ರೇಡರ್ ಯಂತ್ರ ಕೇಬಲ್ಲನ್ನು ಕತ್ತರಿಸಿತು. ಆ ತಪ್ಪು ಗುರುತುಕಲ್ಲು ನೆಡದ ನಮ್ಮದು.

ಬೆಸುಗೆಯವರನ್ನು ಮಸ್ಕತ್ತಿನಿಂದ ಕರೆಸಿದ ಖರ್ಚೇ ಎಲ್ಲಕ್ಕಿಂತ ದೊಡ್ಡದು. ಆದರೂ ನನಗೆ ಇದೇ ಸರಿ. ವರ್ಷಕ್ಕೆ ಎರಡು ತಿಂಗಳು ರಜೆಯಲ್ಲಿ ಕುಂದಾಪುರದಲ್ಲಿರುತ್ತೇನೆ. ಆಗ ಕ್ಯಾಂಪಿನಲ್ಲಿ ಸ್ವಿಚ್ ಬದಲಿಸಲು ಬಲ್ಲವರು ಯಾರೂ ಇರುವುದಿಲ್ಲ, ಕೆಲಸಗಾರರು ಮನೆಗೆ ಕರೆ ಮಾಡುವುದು ನಿಲ್ಲಬಾರದು. ಮುಂದಿನ ಬಾರಿ ಕಾರ್ಖಾನೆಯಲ್ಲೇ ತುದಿ ಜೋಡಿಸಿದ ಕೇಬಲ್ಲನ್ನು ಅಳತೆ ಕೊಟ್ಟು ತರಿಸುತ್ತೇನೆ, 20 ಮೀಟರ್ ಹೆಚ್ಚೇ ಇರಲಿ.