ಧ್ರುವ ಸರೋವರದ ಕೆಸರು ಮತ್ತು ಮಂಗಳೂರಿನ ಒಂದು ಸ್ಪೆಕ್ಟ್ರೋಸ್ಕೋಪಿ ಲ್ಯಾಬ್

ಧ್ರುವ ಸರೋವರದ ಕೆಸರಿನಲ್ಲಿ ಖನಿಜ ಗುರುತಿಸುವುದಕ್ಕಾದರೆ ಮಂಗಳೂರಿನ ಈ ಸ್ಪೆಕ್ಟ್ರೋಸ್ಕೋಪಿ (ಬೆಳಕು ಹಾಯಿಸಿ ವಸ್ತುವನ್ನು ಗುರುತಿಸುವ) ಲ್ಯಾಬಿಗೆ ಧೈರ್ಯವಾಗಿ ಕೊಡಬಹುದು. ಜೀವದ ಕುರುಹು ಹುಡುಕುವುದಿದ್ದರೆ ಷರತ್ತು ಹಾಕಿಯೇ ಕೊಡಿ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ನೆಲೆ ಇರುವ, ಹಿಮ ಮುಚ್ಚದ ಷಿರ್ಮಾಕರ್ ಓಯಸಿಸ್‌ನಂಥ ಕಡೆಯ ಸರೋವರದ ಕೆಸರು ಮತ್ತೆ ಮತ್ತೆ ಸಿಗುವಂಥದ್ದಲ್ಲ.

ಎಫ್‌ಟಿಐಆರ್ (ವಸ್ತು ಯಾವ ಅವಕೆಂಪು ಬೆಳಕನ್ನು ಹೀರುತ್ತದೆ ಎಂದು ಅಳೆಯುವ ವಿಧಾನ) ಕೆಲಸ ಅಚ್ಚುಕಟ್ಟು. ಕ್ವಾರ್ಟ್ಜ್‌ನ 798 ಮತ್ತು 778ರ ಜೋಡಿ ಶಿಖರ, ಕೆಯೊಲಿನೈಟ್‌ನ 3695 ಮತ್ತು 3620, ಕ್ಯಾಲ್ಸೈಟ್‌ನ 875 ಸ್ಪಷ್ಟವಾಗಿ ಬರುತ್ತವೆ (ಇಲ್ಲಿ ಶಿಖರಗಳಿಗೆ ಕೊಟ್ಟ ಅಂಕಿಗಳೆಲ್ಲ ಪ್ರತಿ ಸೆಂ.ಮೀ. ಲೆಕ್ಕದ ತರಂಗಸಂಖ್ಯೆ). ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪಿನ ಓಪಲ್ (ಹರಳಾಗದ ಸಿಲಿಕಾ) ಕೂಡ 800ರ ಹತ್ತಿರವೇ ಬರುವುದರಿಂದ ವರದಿಯಲ್ಲಿ ಎರಡನ್ನೂ ‘ಸಿಲಿಕಾ’ ಎಂದು ಬರೆದು ಮುಗಿಸುತ್ತಾರೆ. 778 ಕ್ಷೀಣವಾಗಿದ್ದು 800 ಅಗಲವಾಗಿ ಉಬ್ಬಿದ್ದರೆ ಓಪಲ್ ಪಾಲು ಹೆಚ್ಚು. ಅದನ್ನು ನೀವೇ ನೋಡಿಕೊಳ್ಳಬೇಕು.

ಎಫ್‌ಟಿಐಆರ್‌ಗೆ ಕೆಸರನ್ನು ಪೊಟ್ಯಾಸಿಯಂ ಬ್ರೋಮೈಡ್ ಪುಡಿಯಲ್ಲಿ ಬೆರೆಸಿ ಒತ್ತಿ ಮಾಡುವ ಗುಳಿಗೆ ಮಳೆಗಾಲದಲ್ಲಿ ಬೇಡವೇ ಬೇಡ. ಕರಾವಳಿಯ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪೇ ನೀರೊಡೆಯುತ್ತದೆ, ಇದೂ ಉಪ್ಪೇ ತಾನೆ? 200 ಮಿ.ಗ್ರಾಂ. ಪುಡಿಗೆ 1–2 ಮಿ.ಗ್ರಾಂ. ಕೆಸರು ಬೆರೆಸಿ ಒತ್ತುವಷ್ಟರಲ್ಲಿ ತೇವ ಸೇರಿ, 3400 ಮತ್ತು 1640ರಲ್ಲಿ ನೀರು ಕಾಣಿಸುತ್ತದೆ. ಆ 1640 ಪ್ರೋಟೀನಿನ 1650ನ್ನು ನುಂಗಿಬಿಡುತ್ತದೆ. ಎಟಿಆರ್ (ಗುಳಿಗೆ ಮಾಡದೆ ಪುಡಿಯನ್ನು ನೇರ ಹರಳಿಗೆ ಒತ್ತಿ ಅಳೆಯುವ ವಿಧಾನ) ಕೇಳಿ, ಪ್ರೋಟೀನಿನ ಇನ್ನೊಂದು ಶಿಖರ 1540 ಜೊತೆಗಿಲ್ಲದಿದ್ದರೆ ಪ್ರೋಟೀನ್ ಎಂದು ನಂಬಬೇಡಿ.

ರಾಮನ್‌ನಲ್ಲೇ (ಲೇಸರ್ ಹಾಯಿಸಿ ಚದುರಿದ ಬೆಳಕನ್ನು ಅಳೆಯುವ ವಿಧಾನ) ನಿಜವಾದ ತಕರಾರು. ಹೇಳದಿದ್ದರೆ 532 ನ್ಯಾನೋಮೀಟರ್ ಲೇಸರನ್ನೇ ಹಾಕುತ್ತಾರೆ. ಕೆರೊಟಿನಾಯ್ಡ್ ಎಂಬ ಹಳದಿ-ಕೆಂಪು ವರ್ಣದ್ರವ್ಯಕ್ಕೆ ಅದು ಒಳ್ಳೆಯದೇ: ಅದು ಹೀರುವ ಬಣ್ಣಕ್ಕೆ ಲೇಸರ್ ಹೊಂದಿ ಸಂಕೇತ ಬಲಗೊಳ್ಳುವ ಅನುರಣನದಿಂದಾಗಿ 1515, 1155, 1005 ಅಲ್ಪ ಪ್ರಮಾಣದಲ್ಲೂ ಎದ್ದು ಕಾಣುತ್ತವೆ. ಆದರೆ 1005 ಒಂದೇ ಇದ್ದರೆ ಅದು ಜಿಪ್ಸಂನ 1008 ಇರಬಹುದು. ಫ್ಲೋರೊಸೆನ್ಸ್ (ಲೇಸರ್ ಬಿದ್ದಾಗ ಮಾದರಿಯೇ ಸೂಸುವ ಹೊಳಪು) ಎಲ್ಲವನ್ನೂ ಮುಚ್ಚಿದರೆ 785 ನ್ಯಾನೋಮೀಟರ್ ಲೇಸರಿಗೆ ಬದಲಿಸಿ. ಲೇಸರ್ ಶಕ್ತಿ ಜಾಸ್ತಿಯಾದರೆ ಕಪ್ಪು ಕಣ ಸುಟ್ಟು, 1350 ಮತ್ತು 1590ರ ಸುತ್ತ ಇಂಗಾಲದ ಅಗಲ ದಿಬ್ಬಗಳು ಏಳುತ್ತವೆ. ಸಯನೋಬ್ಯಾಕ್ಟೀರಿಯಾ ಬಿಸಿಲಿನಿಂದ ಕಾಪಾಡಿಕೊಳ್ಳಲು ಮಾಡುವ ವರ್ಣದ್ರವ್ಯ ಸೈಟೋನೆಮಿನ್ ಕೂಡ 1590ರಲ್ಲೇ ಬರುತ್ತದೆ, ಆದರೆ ಚೂಪಾಗಿ, 1552 ಮತ್ತು 1172ರ ಜೊತೆಗೆ. ವರದಿಯ ‘ಸೈಟೋನೆಮಿನ್ ಇದೆ’ ಎಂಬ ಸಾಲನ್ನು ಇದರ ಮೇಲೆ ತಾಳೆ ನೋಡದೆ ಒಪ್ಪಬೇಡಿ. ಕಡಿಮೆ ಶಕ್ತಿಯಿಂದ ಶುರುಮಾಡಿ, ಯಂತ್ರ ಸರಿಯಿದೆಯೇ ಎಂದು ತಿಳಿಯಲು ಮೊದಲೂ ಕೊನೆಗೂ ಸಿಲಿಕಾನ್ ತುಣುಕಿನ ಶಿಖರ 520.5ರಲ್ಲಿ ನಿಲ್ಲುತ್ತದೆಯೇ ಎಂದು ಕೇಳಿ.

ಒಣಗಿಸುವ ಕೆಲಸವನ್ನು ಅವರಿಗೆ ಬಿಡಬೇಡಿ. 105 ಡಿಗ್ರಿ ಓವನ್‌ಗೆ ಹಾಕಿದರೆ ವರ್ಣದ್ರವ್ಯ ಹಾಳು. ಬೆಳಕು ತಾಗದಂತೆ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು) ಮಾಡಿಸಿ, ಅಗೇಟ್ ಎಂಬ ಗಟ್ಟಿ ಕಲ್ಲಿನ ಖಲ್ಲಿನಲ್ಲಿ ಅರೆದು, ಗಾಜಿನ ಸೀಸೆಯಲ್ಲಿ ಕೊಡಿ. ಜಿಪ್ ಚೀಲದ ಪಾಲಿಥಿನ್ ಚೂರು ಸೇರಿದರೆ 2915 ಮತ್ತು 2848ರಲ್ಲಿ ಕೊಬ್ಬಿನಂತೆಯೇ ಕಾಣುತ್ತದೆ. ವರದಿಯ ಪಿಡಿಎಫ್‌ನಲ್ಲಿ ಬೇಸ್‌ಲೈನ್ (ಶಿಖರಗಳ ಕೆಳಗಿನ ಹಿನ್ನೆಲೆ) ತೆಗೆದ ಚಿತ್ರ ಮಾತ್ರ ಇರುತ್ತದೆ. ಮೂಲ ದತ್ತಾಂಶದ ಫೈಲನ್ನು ಹಣ ಕಟ್ಟುವ ಮೊದಲೇ ಕೇಳಿ, ಕೇಳಿದರೆ ಕೊಡುತ್ತಾರೆ.