ರ‍್ಯಾಪ್, ಬೆಲ್ಟ್ ಕ್ಯಾರಿಯರ್, ಫ್ರೇಮ್ ಕ್ಯಾರಿಯರ್: ಮಗುವನ್ನು ಹೊತ್ತು ನಡೆದ ಮೇಲೆ ಅನ್ನಿಸಿದ್ದು

ಮಗಳಿಗೆ 5 ತಿಂಗಳಾಗಿದ್ದಾಗ ಮೊದಲ ಸಲ ಅವಳನ್ನು ಟೆಂಟಿನಲ್ಲಿ ಮಲಗಿಸಿದೆವು. ಈಗ ಅವಳಿಗೆ 15 ತಿಂಗಳು. ಈ ನಡುವೆ ಏಳು ಸಲ ಹೋಗಿ ಬಂದಿದ್ದೇವೆ. ನಾಲ್ಕು ಸಲ ಒಂದೇ ಕಡೆ ಟೆಂಟ್ ಹಾಕಿಕೊಂಡು, ಮೂರು ಸಲ ಎಲ್ಲಾ ಸಾಮಾನು ಬೆನ್ನಿಗೇರಿಸಿ ದಿನಾ ಜಾಗ ಬದಲಾಯಿಸುತ್ತಾ. ಅವಳನ್ನು ಹೊರುವುದಕ್ಕೆ ಮೂರು ಬಗೆಯ ಕ್ಯಾರಿಯರ್ ಬಳಸಿದ್ದೇವೆ. ಉದ್ದ ಬಟ್ಟೆಯನ್ನು ಮೈಗೆ ಸುತ್ತಿ ಕಟ್ಟುವ ರ‍್ಯಾಪ್, ಸೊಂಟಕ್ಕೂ ಹೆಗಲಿಗೂ ಬೆಲ್ಟ್ ಇರುವ ಮೆತ್ತನೆ ಕ್ಯಾರಿಯರ್, ಆಮೇಲೆ ಅಲ್ಯುಮಿನಿಯಂ ಫ್ರೇಮಿನ ದೊಡ್ಡ ಕ್ಯಾರಿಯರ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸುಮಾರು ಒಂದು ವರ್ಷದವರೆಗೆ ಬೆಲ್ಟ್ ಕ್ಯಾರಿಯರ್ರೇ ಸರಿ. ಅದರಲ್ಲಿ ಮಗುವಿನ ಮುಖ ನಿಮ್ಮ ಗದ್ದದ ಕೆಳಗೇ ಇರುತ್ತದೆ, ಉಸಿರು ಕೇಳಿಸುತ್ತದೆ, ಮೈ ಬಿಸಿ ಗೊತ್ತಾಗುತ್ತದೆ. ಮಾತು ಬಾರದ ಕೂಸಿನ ಜೊತೆ ಹೊರಟಾಗ ಇದಕ್ಕಿಂತ ದೊಡ್ಡ ಅನುಕೂಲ ನನಗೆ ಬೇರೆ ಕಾಣಿಸಲಿಲ್ಲ.

ರ‍್ಯಾಪ್ ಹಗುರ, ಮಡಚಿದರೆ ಎಲ್ಲಿ ಬೇಕಾದರೂ ತುರುಕಬಹುದು, ತುಂಬಾ ಚಿಕ್ಕ ಕೂಸಿಗೆ ಅದರಷ್ಟು ಹಿತವಾದದ್ದು ಇಲ್ಲ. ಆದರೆ ದಾರಿಯಲ್ಲಿ ಅದನ್ನು ಕಟ್ಟುವುದು ಕಷ್ಟ. ನಾಲ್ಕೈದು ಮೀಟರ್ ಬಟ್ಟೆ, ಕಟ್ಟುವಾಗ ಎರಡೂ ತುದಿ ಕೆಸರಿಗೆ ಬೀಳುತ್ತವೆ, ಒಂದೂವರೆ ಗಂಟೆ ನಡೆದರೆ ಸಡಿಲವಾಗಿ ಮಗು ಕೆಳಗೆ ಜಾರಿದ ಹಾಗಾಗುತ್ತದೆ, ಆಗ ಮತ್ತೆ ಎಲ್ಲಾ ಬಿಚ್ಚಿ ಕಟ್ಟಬೇಕು. ಹಾಗೆ ಸಡಿಲವಾದಾಗ ಮಗುವಿನ ಗದ್ದ ಎದೆಗೆ ಒತ್ತಿಕೊಳ್ಳುವ ಭಯ ಇರುತ್ತದೆ. ಗದ್ದದ ಕೆಳಗೆ ಸದಾ ಒಂದು ಬೆರಳಿನಷ್ಟಾದರೂ ಜಾಗ ಇರಲೇಬೇಕು, ಇಲ್ಲದಿದ್ದರೆ ಉಸಿರಾಟಕ್ಕೆ ತೊಂದರೆ. ಒಮ್ಮೆ ಮಳೆಯಲ್ಲಿ ನೆನೆದು ರ‍್ಯಾಪ್ ಇಡೀ ದಿನ ಒಣಗಲೇ ಇಲ್ಲ. ಈಗಲೂ ಅದನ್ನು ಒಯ್ಯುತ್ತೇನೆ, ಆದರೆ ಸಂಜೆ ಟೆಂಟಿನ ಹತ್ತಿರ ಅವಳನ್ನು ಸಮಾಧಾನ ಮಾಡೋದಕ್ಕೆ ಮಾತ್ರ.

ಬೆಲ್ಟ್ ಕ್ಯಾರಿಯರ್‌ನಲ್ಲಿ ಭಾರ ಸೊಂಟಕ್ಕೆ ಹೋಗುತ್ತದೆ. ಕೊಳ್ಳುವಾಗ ಕೂರುವ ಜಾಗದ ಅಗಲ ನೋಡಿ. ತೊಡೆಯ ಕೆಳಗೆ ಮೊಣಕಾಲಿನವರೆಗೂ ಆಧಾರ ಸಿಗಬೇಕು, ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲಿರಬೇಕು. ಕಾಲು ಸುಮ್ನೆ ನೇತಾಡುವಂಥದ್ದು ಸೊಂಟದ ಕೀಲಿಗೆ ಒಳ್ಳೆಯದಲ್ಲ. ನಿಂತುಕೊಂಡೇ ಬೆಲ್ಟ್ ಸ್ವಲ್ಪ ಸಡಿಲಿಸಿ ಹಾಲು ಕುಡಿಸಿದ್ದೇನೆ, ಕುಡಿಸಿದ ಮೇಲೆ ಮತ್ತೆ ಬಿಗಿಮಾಡಿ ಮೇಲಕ್ಕೆ ಎತ್ತಿಕೊಳ್ಳುವುದನ್ನು ಮರೆಯಬಾರದು. ಇದರ ದೊಡ್ಡ ತೊಂದರೆ ಎಂದರೆ ಕಾಲ ಕೆಳಗಿನ ನೆಲ ಕಾಣಿಸುವುದಿಲ್ಲ. ಇಳಿಜಾರಿನಲ್ಲಿ ಎರಡು ಕೋಲು ಇಲ್ಲದೆ ನಾನು ಹೆಜ್ಜೆ ಇಡುವುದಿಲ್ಲ. ಬಿಸಿಲಿನಲ್ಲಿ ಇಬ್ಬರಿಗೂ ಬೆವರು, ಗಂಟೆಗೊಮ್ಮೆ ಬಿಚ್ಚಿ ಗಾಳಿ ಆಡಿಸಲೇಬೇಕು. ಇನ್ನೊಂದು, ಮಗು ಮುಂದೆ ಇರುವಾಗ ಹಿಂದೆ 6 ಕೆಜಿಗಿಂತ ಜಾಸ್ತಿ ನನಗೆ ಆಗಲಿಲ್ಲ. ಉಳಿದದ್ದೆಲ್ಲಾ ಗಂಡನ ಬೆನ್ನಿಗೆ ಹೋಯಿತು, ಅದು 19 ಕೆಜಿ. ಎರಡನೇ ದಿನ ಅವರ ಮೊಣಕಾಲು ಊದಿಕೊಂಡಿತ್ತು. ಅದಾದ ಮೇಲೆ ದಿನಕ್ಕೆ 6 ಕಿಲೋಮೀಟರಿಗಿಂತ ಹೆಚ್ಚು ನಡೆಯುವ ಯೋಚನೆಯನ್ನೇ ಬಿಟ್ಟೆವು.

ಫ್ರೇಮ್ ಕ್ಯಾರಿಯರ್ ಮೇಲೆ ನನಗೆ ತುಂಬಾ ಆಸೆ ಇತ್ತು. ನೆರಳಿಗೆ ಚಾವಣಿ, ಕೆಳಗೆ ಸಾಮಾನಿಗೆ ಜಾಗ, ಮಗು ಎತ್ತರದಲ್ಲಿ ಕೂತು ಎಲ್ಲಾ ನೋಡುತ್ತದೆ. ಆದರೆ ಮಗು ತಾನಾಗಿ ನೆಟ್ಟಗೆ ಕೂರುವವರೆಗೆ, ಅಂದರೆ ಸುಮಾರು 6 ತಿಂಗಳವರೆಗೆ, ಇದನ್ನು ಮುಟ್ಟಲೇಬಾರದು. ಕ್ಯಾರಿಯರ್ರೇ ಮೂರೂವರೆ ಕೆಜಿ ಹತ್ತಿರ ಇರುತ್ತದೆ. ಆಸ್ಪ್ರೇ ಕಂಪನಿಯ ಪೋಕೋ ಥರದ ಫ್ರೇಮ್ ಕ್ಯಾರಿಯರ್‌ಗೆ ಮಿತಿ 22 ಕೆಜಿ, ಅದರಲ್ಲಿ ಮಗು, ಸಾಮಾನು, ಕ್ಯಾರಿಯರ್ ಎಲ್ಲಾ ಸೇರಿದೆ, ಹಾಗಾಗಿ ಜಾಗ ಇದೆ ಅಂತ ತುಂಬುತ್ತಾ ಹೋಗುವ ಹಾಗಿಲ್ಲ.

9 ತಿಂಗಳಲ್ಲಿ ಅವಳನ್ನು ಅದರಲ್ಲಿ ಕೂರಿಸಿ ಒಂದು ಬೋಳು ಗುಡ್ಡ ಹತ್ತಿದೆ. ಗಾಳಿ ಜೋರಾಗಿತ್ತು. ನನಗೆ ಬೆವರು ಸುರಿಯುತ್ತಿತ್ತು, ಜಾಕೆಟ್ ತೆಗೆದು ಸೊಂಟಕ್ಕೆ ಕಟ್ಟಿದ್ದೆ. ಅವಳ ಸದ್ದಿಲ್ಲ, ನಿದ್ದೆ ಬಂದಿರಬೇಕು ಅಂದುಕೊಂಡೆ. ಮೇಲೆ ಹೋಗಿ ಇಳಿಸಿ ನೋಡಿದರೆ ಪಾದ ಮಂಜಿನಂತೆ ತಣ್ಣಗೆ, ತಲೆ ಒಂದು ಬದಿಗೆ ವಾಲಿತ್ತು. ಕತ್ತಿನ ಹಿಂದೆ ಕೈಯಿಟ್ಟೆ, ಅಲ್ಲೂ ತಣ್ಣಗಿತ್ತು. ತಕ್ಷಣ ಎದೆಗೆ ಅವಚಿಕೊಂಡು ಜಾಕೆಟ್ ಒಳಗೆ ಸೇರಿಸಿಕೊಂಡೆ, ಅರ್ಧ ಗಂಟೆಯಲ್ಲಿ ಸರಿಹೋದಳು. ನಡೆಯುವವರ ಮೈ ಬಿಸಿಯಾಗುತ್ತದೆ, ಕೂತ ಮಗುವಿನ ಮೈ ಬಿಸಿಯಾಗುವುದಿಲ್ಲ. ಅದು ಓದಿ ಗೊತ್ತಿತ್ತು, ಆದರೂ ಅವತ್ತು ತಪ್ಪು ಮಾಡಿದೆ. ಆಮೇಲೆ ಫ್ರೇಮಿನಲ್ಲಿ ಕೂರಿಸಿದರೆ ಗಾಳಿ ತಡೆಯುವ ಹೊರಬಟ್ಟೆ, ದಪ್ಪ ಕಾಲುಚೀಲ, ಪಾದ ಊರಲು ಪಟ್ಟಿ ಇಷ್ಟೂ ಕಡ್ಡಾಯ. ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂದೆ ನಡೆಯುವವರು ಕತ್ತು ಮುಟ್ಟಿ ನೋಡುತ್ತಾರೆ. ತಗ್ಗಿದ ಕೊಂಬೆಗಳ ಕೆಳಗೆ ನೀವು ಬಗ್ಗಿದರೂ ಅವಳ ತಲೆ ನಿಮಗಿಂತ ಮೇಲಿರುತ್ತದೆ ಅನ್ನೋದೂ ನೆನಪಿರಲಿ. ನೆಲದ ಮೇಲೆ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿದಾಗ ಕೈ ಬಿಡಬೇಡಿ, ಮಗು ಅಲ್ಲಾಡಿದರೆ ಅದು ಮಗುಚಬಹುದು.

ಆದರೆ 13 ತಿಂಗಳಿಗೆ ಎಲ್ಲಾ ತಿರುಗಿಬಿತ್ತು. ಎದೆಗೆ ಕಟ್ಟಿಕೊಂಡರೆ ಒದೆಯುತ್ತಾಳೆ, ಬೆನ್ನು ಬಿಲ್ಲಿನ ಹಾಗೆ ಮಾಡುತ್ತಾಳೆ. ಫ್ರೇಮಿನಲ್ಲಿ ಕೂರಿಸಿದರೆ ಹಕ್ಕಿ ಕಂಡರೆ ಕೂಗು, ಎಲೆ ಕಂಡರೆ ಕೈ ಚಾಚು. ಈಗ ನಮ್ಮ ಮನೆಯಲ್ಲಿ ಅದೇ ಗೆದ್ದಿದೆ.

ಮಲಗಿಸುವ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಮೊದಲ ರಾತ್ರಿ ಗಾಳಿ ತುಂಬುವ ಮ್ಯಾಟಿನ ಮೇಲೆ ನಮ್ಮಿಬ್ಬರ ನಡುವೆ ಮಲಗಿಸಿದೆವು. ಮ್ಯಾಟ್ ಕುಗ್ಗಿದಂತೆಲ್ಲಾ ಅವಳು ನನ್ನ ಕಡೆಗೇ ಉರುಳುತ್ತಿದ್ದಳು, ನಾನು ಕಣ್ಣು ಮುಚ್ಚಲೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ಒಂದು ವರ್ಷದೊಳಗಿನ ಮಗು ತನ್ನದೇ ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಬೇಕು, ದಿಂಬು ಬೇಡ, ಸಡಿಲ ಹೊದಿಕೆ ಬೇಡ. ಎರಡನೇ ಸಲದಿಂದ ಮೂವರ ಟೆಂಟ್ ಒಯ್ದು ಅದರೊಳಗೆ ಮಡಚುವ ಚಿಕ್ಕ ಮಂಚ ಇಟ್ಟೆವು. ಅದು ಭಾರ, ಅದಕ್ಕೇ ಅವಳಿಗೆ ವರ್ಷ ತುಂಬುವ ಮುಂಚೆ ದಿನಾ ಜಾಗ ಬದಲಾಯಿಸುವುದಕ್ಕಿಂತ ಒಂದೇ ಕಡೆ ಇರುವುದು ನಮಗೆ ಒಗ್ಗಿತು. ಹೊದಿಕೆಯ ಬದಲು ತೋಳಿಲ್ಲದ ಸ್ಲೀಪ್ ಸ್ಯಾಕ್, ಅಂದರೆ ಮಗುವಿಗೆ ತೊಡಿಸುವ ಚೀಲದಂಥ ಹೊದಿಕೆ, ಹಾಕುತ್ತೇವೆ. 16ರಿಂದ 20 ಡಿಗ್ರಿ ಇದ್ದರೆ 2.5 ಟಾಗ್‌ನದು (ಟಾಗ್ ಅಂದರೆ ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಅನ್ನೋದರ ಅಳತೆ) ಸಾಕಾಗುತ್ತದೆ. ದೊಡ್ಡವರ ಸ್ಲೀಪಿಂಗ್ ಬ್ಯಾಗಿನೊಳಗೆ ಮಾತ್ರ ಯಾವತ್ತೂ ಹಾಕಬೇಡಿ. ಬೆಚ್ಚಗಾಗಲಿ ಅಂತ ಟೆಂಟಿನೊಳಗೆ ಸ್ಟವ್ ಹಚ್ಚುವುದಂತೂ ಬೇಡವೇ ಬೇಡ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ.

ಡೈಪರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಟ್ಟೆಯದು ಒಂದೇ ಕಡೆ ಇರುವಾಗ ಚೆನ್ನ, ಒಣಗಲು ಬಿಸಿಲು ಇದ್ದರೆ. ತೊಳೆದ ನೀರನ್ನು ತೊರೆಯಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಚೆಲ್ಲಬೇಕು. ನಡೆಯುವ ದಿನಗಳಲ್ಲಿ ಬಿಸಾಡುವಂಥದ್ದೇ ಒಯ್ಯುತ್ತೇವೆ, ಆದರೆ ಹೂಳುವುದಿಲ್ಲ, ಸುಡುವುದಿಲ್ಲ, ಎಲ್ಲಾ ವಾಪಸ್ ತರುತ್ತೇವೆ. ಬಳಸಿದ್ದು ಹೊಸದಕ್ಕಿಂತ ಎಷ್ಟೋ ಪಟ್ಟು ಭಾರ, ಆದ್ದರಿಂದ ಎರಡು ರಾತ್ರಿಗಿಂತ ಹೆಚ್ಚು ಇರುವ ನಡಿಗೆಗೆ ಇದೇ ಅಡ್ಡಿ.

6 ತಿಂಗಳಿಗಿಂತ ಚಿಕ್ಕವರಿಗೆ ಸನ್‌ಸ್ಕ್ರೀನ್ ಬದಲು ನೆರಳು ಮತ್ತು ಉದ್ದ ತೋಳಿನ ಬಟ್ಟೆಯೇ ಸರಿ. ಸೊಳ್ಳೆಗೆ ಪರದೆ ಸಾಕು, 2 ತಿಂಗಳೊಳಗಿನ ಮಗುವಿಗೆ ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಇರುವ ಯಾವುದನ್ನೂ ಹಚ್ಚಬಾರದು. 2500 ಮೀಟರಿಗಿಂತ ಮೇಲೆ ಅವಳನ್ನು ಮಲಗಿಸಲು ನಾವು ಹೋಗಿಲ್ಲ. ಎತ್ತರಕ್ಕೆ ಹೋಗಿ ತಲೆನೋವು ಬಂದರೂ ಅವಳು ಹೇಳಲಾರಳು ಅಲ್ವಾ?

ಯಾವುದೇ ಕ್ಯಾರಿಯರ್ ತಗೊಳ್ಳಿ, ಮೊದಲು ಮಗುವನ್ನು ಕೂರಿಸಿಕೊಂಡು, ಹೊರುವ ಚೀಲವನ್ನೂ ಹಾಕಿಕೊಂಡು, ಮೆಟ್ಟಿಲು ಒಂದು ಗಂಟೆ ಹತ್ತಿ ಇಳಿಯಿರಿ. ಹಳೆಯದಾದರೆ ಪ್ರತಿ ಬಕಲ್ ಎಳೆದು ನೋಡಿ, ಹೊಲಿಗೆ ಬಿಟ್ಟಿದ್ದರೆ ಬೇಡ. ನಮ್ಮ ಮೊದಲ ಬೆಲ್ಟ್ ಕ್ಯಾರಿಯರ್ ನನ್ನ ಸೊಂಟಕ್ಕೆ ಸರಿಯಾಗುವುದಿಲ್ಲ ಅಂತ ಗೊತ್ತಾಗಿದ್ದು ಹೀಗೆ ಮೆಟ್ಟಿಲ ಮೇಲೇ. ಮಾರನೇ ದಿನ ಬದಲಾಯಿಸಿಕೊಂಡು ಬಂದೆವು.